ಕೀರ್ತಿಕುಮಾರನ ಬೆರಳಳತೆ

ಜೇನು ಸಹಕಾರ ಸಂಘದವರು ತಮ್ಮ ಪ್ರಕಟಣೆಯಲ್ಲಿ ‘ಸುಸ್ಥಿತಿಯಲ್ಲಿರುವ’ ಎಂಬ ಒಂದು ಶಬ್ದವನ್ನು ಸೇರಿಸದೆ ಇದ್ದಿದ್ದರೆ, ಹೊನ್ನೆಕೊಪ್ಪಲಿನ ಕೀರ್ತಿಕುಮಾರ್ ಆ ಶನಿವಾರ ತನ್ನ ಬೈಕಿನ ಹೊಟ್ಟೆಗೆ ಕೈ ಹಾಕುತ್ತಲೇ ಇರಲಿಲ್ಲ. ಜೇನು ಸಾಕುವವರ ಮನೆಮನೆಗೆ ಹೋಗಿ ಪೆಟ್ಟಿಗೆ ನೋಡಿಬರುವ ಕೆಲಸಕ್ಕೆ ಒಬ್ಬರು ಬೇಕಾಗಿದ್ದರು. ಪಿಯುಸಿ ಆಗಿದ್ದರೆ ಸಾಕು. ಶನಿವಾರ ಮಧ್ಯಾಹ್ನ ಮೂರಕ್ಕೆ ಶನಿವಾರಸಂತೆಯ ಕಚೇರಿಯಲ್ಲಿ ನೇರ ಸಂದರ್ಶನ. ಬರುವವರು ‘ಸುಸ್ಥಿತಿಯಲ್ಲಿರುವ ಸ್ವಂತ ದ್ವಿಚಕ್ರ ವಾಹನ’ದೊಂದಿಗೆ ಹಾಜರಾಗತಕ್ಕದ್ದು.

ಶುಂಠಿ ಮಂಡಿಯಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಕೀರ್ತಿಕುಮಾರ್, ಮಂಡಿ ಮುಚ್ಚಿದ ಮೇಲೆ ಎಂಟು ತಿಂಗಳಿಂದ ಮನೆಯಲ್ಲೇ ಇದ್ದ. ಹಾಗೆ ಮನೆಯಲ್ಲಿರುವ ಗಂಡಸನ್ನು ಊರಿನವರು ಆಡಿಕೊಳ್ಳುವುದಿಲ್ಲ, ಕೆಲಸ ಹೇಳುತ್ತಾರೆ. ‘ಹೇಗೂ ಖಾಲಿ ಇದ್ದೀಯಲ್ಲ’ ಎಂದು ಒಬ್ಬರು ಗ್ಯಾಸ್ ಸಿಲಿಂಡರ್ ಹೊರಿಸಿದರೆ, ಇನ್ನೊಬ್ಬರು ಕಳೆದುಹೋದ ಕರು ಹುಡುಕಲು ಕಳಿಸುತ್ತಿದ್ದರು. ಕೊನೆಗೆ ಕರುವೇ ಅವನನ್ನು ಕಂಡರೆ ಮನೆಯ ದಾರಿ ಹಿಡಿಯುವಷ್ಟು ಪರಿಚಯವಾಗಿತ್ತು. ಆದ್ದರಿಂದ ಈ ಕೆಲಸ ಅವನಿಗೆ ಬೇಕೇ ಬೇಕಾಗಿತ್ತು.

ಬೈಕು ಓಡುತ್ತಿತ್ತು. ಆದರೆ ಓಡುವುದು ಬೇರೆ, ಸುಸ್ಥಿತಿ ಬೇರೆ ಎಂದು ಅವನಿಗೆ ರಾತ್ರಿಯೆಲ್ಲ ಅನ್ನಿಸಿತು. ಬೆಳಗ್ಗೆ ಎದ್ದವನೇ ಮೊಬೈಲಿನಲ್ಲಿ ಹುಡುಕಿದ. ಟೋಪಿ ಹಾಕಿದ ಒಬ್ಬ ಮನುಷ್ಯ, ‘ಇಂಜಿನ್ನಿನ ಆಯುಷ್ಯ ಇರುವುದು ಆಯಿಲ್ ಫಿಲ್ಟರಿನಲ್ಲಿ. ಬದಲಿಸಲು ಹತ್ತೇ ನಿಮಿಷ. ಆದರೆ ನೆನಪಿಡಿ, ನೋಡಲು ಎಲ್ಲ ಫಿಲ್ಟರೂ ಒಂದೇ ಥರ. ಅಳತೆ ತಪ್ಪಿದರೆ ಇಂಜಿನ್ ಸೀಜ್’ ಎಂದ. ಕೀರ್ತಿಕುಮಾರ್ ಅಲ್ಲಿಗೇ ವಿಡಿಯೊ ನಿಲ್ಲಿಸಿ, ಮೊಬೈಲನ್ನು ತುಳಸಿಕಟ್ಟೆಗೆ ಒರಗಿಸಿಟ್ಟು, ಸ್ಪಾನರ್ ಹಿಡಿದ.

ಹೆಂಡತಿ ಸುಧಾ ಹೆಬ್ಬೆಟ್ಟು ಒತ್ತಿ ಅಕ್ಕಿ ತರಲು ನ್ಯಾಯಬೆಲೆ ಅಂಗಡಿಯ ಸಾಲಿಗೆ ಹೋಗಿದ್ದಳು. ಅವಳಿದ್ದಿದ್ದರೆ ಹಳೇ ಆಯಿಲನ್ನು ಇಡ್ಲಿ ಪಾತ್ರೆಗೆ ಸುರಿಸುವ ಧೈರ್ಯ ಅವನಿಗೆ ಬರುತ್ತಿರಲಿಲ್ಲ. ಆಯಿಲ್ ಇಳಿಯುತ್ತಿರುವಾಗಲೇ ಬೇಲಿಯಾಚೆಯಿಂದ ಗಂಗಣ್ಣ ಬಂದರು. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಯಾವ ವಾಹನ ನೋಡಿದರೂ ಅದು ಬಸ್ಸಾಗಲಿಲ್ಲವಲ್ಲ ಎಂದು ಮರುಗುವವರು.

“ಏನ್ ಮಾಡ್ತಿದ್ದೀಯ ಮಾರಾಯ?”

“ಫಿಲ್ಟರ್ ಬದಲಾಯಿಸ್ತಿದ್ದೀನಿ ಮಾವ.”

“ಎಲ್ಲಿ, ತೋರ್ಸು.” ಮೂರು ಬೋಲ್ಟು ಬಿಚ್ಚಿ ಮುಚ್ಚಳ ತೆಗೆದದ್ದೇ ತಡ, ಗಂಗಣ್ಣ ಎರಡು ಬೆರಳಲ್ಲಿ ಫಿಲ್ಟರನ್ನು ಇಲಿಮರಿಯಂತೆ ಎತ್ತಿ ಹಿಡಿದರು. ಮಡಿಕೆ ಮಡಿಕೆಯ ಕಾಗದದ ಪುಟ್ಟ ಉರುಳೆ, ಆಯಿಲ್ ಕುಡಿದು ಕರ್ರಗಾಗಿತ್ತು. “ಇದಾ? ನಮ್ಮ ಬಸ್ಸಿನ ಫಿಲ್ಟರ್ ನೋಡಿದ್ರೆ ಇದು ನಾಚ್ಕೊಂಡು ಸಾಯ್ತದೆ. ಅದನ್ನ ಎತ್ತೋಕೆ ಇಬ್ಬರು ಬೇಕಾಗ್ತಿತ್ತು.” ಎತ್ತುವುದು ಹೇಗೆಂದು ಅಭಿನಯಿಸಿ ತೋರಿಸಲು ಎರಡೂ ಕೈ ಬೇಕಾಗಿದ್ದರಿಂದ, ಕೈಯಲ್ಲಿದ್ದದ್ದನ್ನು ಬಚ್ಚಲಮನೆಯ ಕಟ್ಟೆಯ ಮೇಲಿಟ್ಟರು.

ಬಸ್ಸಿನ ಫಿಲ್ಟರಿನ ಕಥೆ ಮುಗಿದು, ಘಾಟಿಯಲ್ಲಿ ಬ್ರೇಕ್ ಹೋದ ಕಥೆಯೂ ಮುಗಿದ ಮೇಲೆ ಕೀರ್ತಿಕುಮಾರ್ ತಿರುಗಿ ನೋಡಿದ. ಕಟ್ಟೆಯ ಮೇಲೆ ಫಿಲ್ಟರ್ ಇರಲಿಲ್ಲ. ಒಳಗೆ ಅವನ ತಾಯಿ ಸರ್ವಮಂಗಳಮ್ಮ ಹಂಡೆ ಒಲೆಯ ಮುಂದೆ ಬಹಳ ತೃಪ್ತಿಯಿಂದ ಕೂತಿದ್ದರು.

“ಅವ್ವ, ಇಲ್ಲೊಂದು ಕರ್ರಗಿರೋದು ಇತ್ತಲ್ಲ?”

“ಅದಾ? ಎಲ್ಲಿಂದ ತಂದೆ ಮಗ? ಹಸಿ ಸೌದೆ ಅರ್ಧ ಗಂಟೆಯಿಂದ ಬರೀ ಹೊಗೆ ಉಗೀತಿತ್ತು. ಅದನ್ನ ಅಡಿಗೆ ಇಟ್ಟೆ ನೋಡು, ಭಗ್ ಅಂತು. ಇನ್ನೂ ನಾಲ್ಕು ಸಿಕ್ಕಿದ್ರೆ ತಗೊಂಬಾ.”

ಒಲೆಯಲ್ಲಿ ಸೊಟ್ಟಗಾದ ಒಂದು ತಗಡಿನ ಬಳೆ ಮಾತ್ರ ಕೆಂಪಗೆ ಹೊಳೆಯುತ್ತಿತ್ತು.

ಅಷ್ಟರಲ್ಲಿ ಹತ್ತೂವರೆಯ ಬಸ್ಸು ಊರ ಬಾಗಿಲಿನಲ್ಲಿ ಹಾರನ್ ಹೊಡೆಯಿತು. ಅದು ಹೋದರೆ ಇನ್ನೊಂದಿರುವುದು ಹನ್ನೆರಡೂವರೆಗೆ. ಮಾದರಿ ಸುಟ್ಟುಹೋಗಿದೆ, ಅಳತೆ ತಪ್ಪಿದರೆ ಇಂಜಿನ್ ಸೀಜ್. “ಒಂದು ಕಡ್ಡಿ ಮುರ್ಕೊಳ್ಳೋ” ಎಂದು ಗಂಗಣ್ಣ ಹೇಳುತ್ತಿದ್ದರೂ ಕಡ್ಡಿ ಹುಡುಕಲು ಸಮಯವಿರಲಿಲ್ಲ. ಕೀರ್ತಿಕುಮಾರ್ ಫಿಲ್ಟರ್ ಕೂರುವ ಗುಂಡಿಯೊಳಗೆ ಬಲಗೈಯ ಹೆಬ್ಬೆರಳು, ತೋರುಬೆರಳು ಇಳಿಸಿ, ಎರಡೂ ಕಡೆ ಗೋಡೆಗೆ ತಾಗುವಷ್ಟು ಅಗಲಿಸಿ, ಆ ಅಗಲ ಕೂದಲೆಳೆಯಷ್ಟೂ ಕದಲದಂತೆ ಹೊರಗೆ ತೆಗೆದ. ಕೈಯನ್ನು ಹಾಗೇ ಎತ್ತಿ ಹಿಡಿದುಕೊಂಡು ಬಸ್ಸಿನತ್ತ ಓಡಿದ. ಮೊಬೈಲು ತುಳಸಿಕಟ್ಟೆಗೆ ಒರಗಿಕೊಂಡೇ ಉಳಿಯಿತು.

ಬಸ್ಸಿನಲ್ಲಿ ಕಂಡಕ್ಟರ್ ಆ ಬೆರಳುಗಳನ್ನು ನೋಡಿ, “ಅರ್ಧ ಟಿಕೆಟ್ ಯಾರಿಗೆ ಸಾರ್?” ಎಂದ.

“ಯಾರಿಗೂ ಇಲ್ಲ. ಒಂದು ಶನಿವಾರಸಂತೆ.”

“ಮತ್ತೆ ಬೆರಳು ಸಣ್ಣದು ತೋರಿಸ್ತಿದ್ದೀರ.”

ಪಕ್ಕದಲ್ಲಿ ಮಡಿಲ ಮೇಲೆ ಕೋಳಿ ಬುಟ್ಟಿ ಇಟ್ಟುಕೊಂಡಿದ್ದ ಬೊಳ್ಳಮ್ಮ ಎಂಬ ಮುದುಕಿ ಇದನ್ನೆಲ್ಲ ಕರುಣೆಯಿಂದ ನೋಡುತ್ತಿದ್ದಳು. ಕೀರ್ತಿಕುಮಾರ್ ಎಡಗೈಯಲ್ಲಿ ಬಲಗಡೆಯ ಜೇಬಿನಿಂದ ಕಾಸು ತೆಗೆಯಲು ಮೈ ತಿರುಚಿದ್ದನ್ನು ಕಂಡು ಅವಳ ಅನುಮಾನ ಗಟ್ಟಿಯಾಯಿತು.

“ಯಾವಾಗ ಹೊಡೀತಪ್ಪ?”

“ಏನು?”

“ಲಕ್ವ. ನನ್ನ ಭಾವನಿಗೂ ಹೀಗೇ ಬೆರಳು ಸೆಟೆದು ನಿಂತಿತ್ತು. ಸುಮ್ಮನೆ ಬಿಟ್ರೆ ಭುಜಕ್ಕೆ ಹತ್ತುತ್ತೆ. ಕೊಡಿಲ್ಲಿ.” ಅವನು ಬೇಡವೆನ್ನುವುದರೊಳಗೆ ಮುದುಕಿ ಅವನ ಬೆರಳುಗಳನ್ನು ಹಿಡಿದು ಹಿಟ್ಟು ನಾದುವಂತೆ ನಾದಿಬಿಟ್ಟಳು. ಕೀರ್ತಿಕುಮಾರ್ ಕೂಗಿಕೊಂಡ. ಬೆರಳು ಮಡಿಸಿಕೊಂಡದ್ದನ್ನು ಕಂಡು ಸುತ್ತಲಿನವರು, “ಅಬ್ಬ, ಸಡಿಲಾಯ್ತು” ಎಂದು ಸಂತೋಷಪಟ್ಟರು. ಅವನು ಅಳುವ ದನಿಯಲ್ಲಿ ಬೆರಳನ್ನು ಮತ್ತೆ ಅಗಲಿಸಿ, ಮೊದಲು ಎಷ್ಟು ಅಗಲಕ್ಕೆ ಮಣಿಕಟ್ಟು ನೋಯುತ್ತಿತ್ತೋ ಅಷ್ಟೇ ನೋಯುವವರೆಗೆ ಹಿಗ್ಗಿಸಿ ಅಂದಾಜಿನಲ್ಲಿ ಅಳತೆ ಕೂಡಿಸಿಕೊಂಡ. “ಮತ್ತೆ ಸೆಟೀತು ಪಾಪ” ಎಂದು ಬೊಳ್ಳಮ್ಮ ಕಣ್ಣೊರೆಸಿಕೊಂಡಳು.

ಸಂತೆಯ ದಿನವಾದ್ದರಿಂದ ಬಸ್ ನಿಲ್ದಾಣದಿಂದ ಬಿಡಿಭಾಗಗಳ ಅಂಗಡಿಯವರೆಗೆ ಕಾಲಿಡಲು ಜಾಗವಿರಲಿಲ್ಲ. ಯಾರಿಗೂ ತಾಗದಿರಲೆಂದು ಅವನು ಕೈಯನ್ನು ತಲೆಗಿಂತ ಎತ್ತರಕ್ಕೆ ಹಿಡಿದು ನಡೆದ. ಎದುರಿಗೆ ಬಂದ ಹಳೇ ಮಂಡಿ ಗೆಳೆಯನೊಬ್ಬ ಅದನ್ನು ಕಂಡು, ಆಚೀಚೆ ನೋಡಿ, “ಈಗಲೇ ಬೇಡ ಕೀರ್ತಿ, ಇನ್ನೂ ಹನ್ನೊಂದೂಕಾಲು. ಸಾಯಂಕಾಲ ಹಾಕೋಣ” ಎಂದು ಪಿಸುಗುಟ್ಟಿ ಹೋದ. ಬೆಲ್ಲದ ವ್ಯಾಪಾರಿಯೊಬ್ಬ, ಇವರು ರುಚಿಗೆ ಒಂದು ಚೂರು ಕೇಳುತ್ತಿದ್ದಾರೆಂದು ತಿಳಿದು, ಅಚ್ಚಿನ ಮೂಲೆ ಮುರಿದು ಸರಿಯಾಗಿ ಆ ಎರಡು ಬೆರಳ ನಡುವೆಯೇ ಇಟ್ಟ. ಬಿಸಿಲಿಗೆ ಬೆಲ್ಲ ಕರಗಿ ಮುಂಗೈಯವರೆಗೆ ಇಳಿಯಿತು. ಹಿಂದಿನಿಂದ ಎರಡು ನೊಣ ಬಂದವು. ಅವು ಅಂಗಡಿಯವರೆಗೂ ಬಿಡಲಿಲ್ಲ.

ಬಿಡಿಭಾಗಗಳ ಅಂಗಡಿಯ ಮುತ್ತ ಕಡಿಮೆ ಮಾತಿನ ಮನುಷ್ಯ. ತಲೆ ಎತ್ತದೆ ಕೇಳಿದ: “ಯಾವ ಗಾಡಿ? ಯಾವ ವರ್ಷದ್ದು?”

“ಅದೆಲ್ಲ ಬೇಡ. ಹೆಸರು ನಂಬಿದ್ರೆ ಮೋಸ ಹೋಗ್ತೀವಿ. ಅಳತೆ ತಂದಿದ್ದೀನಿ.” ಕೀರ್ತಿಕುಮಾರ್ ಕೈಯನ್ನು ಕೌಂಟರಿನ ಮೇಲೆ ಗಾಜಿನ ಸಾಮಾನಿನಂತೆ ಇಳಿಸಿಟ್ಟ.

ಮುತ್ತ ಆ ಕೈಯನ್ನು ನೋಡಿದ. ಆಮೇಲೆ ನೊಣಗಳನ್ನು ನೋಡಿದ. “ಹಳೇ ಫಿಲ್ಟರ್ ಇಲ್ವಾ ಮಾರಾಯ್ರೆ?”

“ಅದ್ರಲ್ಲಿ ನಮ್ಮವ್ವ ಸ್ನಾನ ಮಾಡಿದ್ರು.”

ಇನ್ನೊಂದು ಪ್ರಶ್ನೆ ಕೇಳಿದರೆ ಇಡೀ ದಿನ ಹೋಗುತ್ತದೆಂದು ಮುತ್ತನಿಗೆ ತಿಳಿಯಿತು. ಸುಮ್ಮನೆ ಮೂರು ಡಬ್ಬಿ ತಂದಿಟ್ಟ. ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ಬಗ್ಗಿ ನೋಡಿದರು. ಮೊದಲನೆಯ ಫಿಲ್ಟರ್ ಬೆರಳ ನಡುವಿನಿಂದ ಸಲೀಸಾಗಿ ಜಾರಿ ಕೆಳಗೆ ಬಿತ್ತು. ಎರಡನೆಯದು ತೂರಲೇ ಇಲ್ಲ. “ಕೈ ಸ್ವಲ್ಪ ಸಡಿಲ ಬಿಡಿ” ಎಂದು ಒಬ್ಬ, “ಬಿಡಬೇಡಿ, ಬಿಗಿ ಹಿಡೀರಿ” ಎಂದು ಇನ್ನೊಬ್ಬ. ಮೂರನೆಯದು ಕಚ್ಚಿಕೊಂಡು ಕೂತಿತು. ಕೀರ್ತಿಕುಮಾರ್ ಕೈ ತಿರುಗಿಸಿದ, ಅಲ್ಲಾಡಿಸಿದ, ತಲೆಕೆಳಗು ಮಾಡಿದ. ಫಿಲ್ಟರ್ ಮಿಸುಕಲಿಲ್ಲ.

“ನೋಡಿ, ಹೇಗೆ ಕೂತಿದೆ” ಎಂದ ಹೆಮ್ಮೆಯಿಂದ.

“ಅದು ಬೆಲ್ಲ ಮಾರಾಯ್ರೆ” ಎಂದ ಮುತ್ತ. ಆದರೆ ಕೀರ್ತಿಕುಮಾರ್ ಆಗಲೇ ಎಡಗೈಯಿಂದ ಕಾಸು ಎಣಿಸುತ್ತಿದ್ದ.

ಒಂದು ಗಂಟೆಯ ಬಸ್ಸಿನಲ್ಲಿ ಅವನು ಡಬ್ಬಿಯನ್ನು ಎರಡೂ ಕೈಯಲ್ಲಿ ತೀರ್ಥದ ಬಟ್ಟಲಿನಂತೆ ಹಿಡಿದು, ಅದನ್ನೇ ನೋಡುತ್ತ ಕೂತ. ಲೆಕ್ಕ ಸರಿಯಾಗಿತ್ತು. ಒಂದೂಮುಕ್ಕಾಲಿಗೆ ಮನೆ, ಹತ್ತು ನಿಮಿಷಕ್ಕೆ ಫಿಲ್ಟರ್, ಹತ್ತು ನಿಮಿಷಕ್ಕೆ ಊರಂಗಡಿಯ ಹೊಸ ಆಯಿಲ್, ಐದು ನಿಮಿಷಕ್ಕೆ ಬಿಳಿ ಅಂಗಿ. ಮೂರಕ್ಕೆ ಮೊದಲೇ ಕಚೇರಿಯ ಮುಂದೆ ಗಾಡಿ ನಿಲ್ಲಿಸಿ, ಇಂಜಿನ್ ಆರಿಸದೆ ಒಂದು ನಿಮಿಷ ಹಾಗೇ ಬಿಟ್ಟರೆ, ಒಳಗೆ ಕೂತವರಿಗೆ ಸುಸ್ಥಿತಿ ಎಂದರೇನೆಂದು ಕಿವಿಗೇ ಬೀಳಬೇಕು.

ಮನೆಯ ಅಂಗಳದಲ್ಲಿ ಬೈಕ್ ಇರಲಿಲ್ಲ. ಅದಿದ್ದ ಜಾಗದಲ್ಲಿ ಒಂದು ಆಯಿಲ್ ಕಲೆಯೂ, ಅದರ ಪಕ್ಕ ಕುರ್ಚಿ ಹಾಕಿಕೊಂಡು ಗಂಗಣ್ಣನೂ ಇದ್ದರು.

“ಮಾವ, ಬೈಕೆಲ್ಲಿ?”

“ನಿನಗೆ ಕೊಡೋಕೆ ಅಂತ ಸುಧಾ ಶನಿವಾರಸಂತೆಗೆ ತಗೊಂಡು ಹೋದ್ಲಲ್ಲ. ನೀನು ಯಾಕೆ ಇಲ್ಲಿದ್ದೀಯ?”

“ಅದಕ್ಕೆ ಫಿಲ್ಟರೇ ಇಲ್ಲ ಮಾವ.”

“ಅವಳೇ ಹಾಕಿದ್ಲು. ನಾನು ಹಾಗಲ್ಲ ಹೀಗೆ ಅಂತ ಹೇಳ್ತಾನೇ ಇದ್ದೆ. ಕೇಳ್ಲಿಲ್ಲ. ಅದಕ್ಕೇ ಬೇಗ ಮುಗೀತು.”

ತುಳಸಿಕಟ್ಟೆಯ ಮೊಬೈಲನ್ನೂ ಸುಧಾ ಒಯ್ದಿದ್ದಳು. ಕೀರ್ತಿಕುಮಾರ್ ಗಂಗಣ್ಣನ ಮೊಬೈಲಿನಿಂದ ತನ್ನದೇ ನಂಬರಿಗೆ ಮಾಡಿದ. ರಿಂಗಾಯಿತು, ಎತ್ತಲಿಲ್ಲ. ಮುಂದಿನ ಬಸ್ಸು ನಾಲ್ಕಕ್ಕೆ. ರಸ್ತೆಗೆ ಓಡಿ ನಿಂತ. ಅರ್ಧ ಗಂಟೆಯಲ್ಲಿ ಒಂದು ಟ್ರ್ಯಾಕ್ಟರ್ ಬಂತು, ಅದೂ ಎದುರು ದಿಕ್ಕಿನಿಂದ. ಎರಡೂವರೆ, ಮೂರು, ಮೂರೂಕಾಲು. ಹನ್ನೊಂದನೇ ಸಲಕ್ಕೆ ಸುಧಾ ಎತ್ತಿದಳು.

“ರೀ, ಎಲ್ಲಿದ್ದೀರ? ನಾನಿಲ್ಲಿ ಕಚೇರಿ ಹತ್ರ ಕಾದೂ ಕಾದೂ… ಒಂದ್ನಿಮಿಷ ಇರಿ, ಒಳಗೆ ಕರೀತಿದ್ದಾರೆ.” ಕರೆ ಕಟ್ಟಾಯಿತು. ಆಮೇಲೆ ಸ್ವಿಚ್ ಆಫ್.

ಪಾಪ, ನನ್ನ ಪರವಾಗಿ ಕೈಮುಗಿಯಲು ಹೋಗಿದ್ದಾಳೆ ಎಂದುಕೊಂಡು ಅವನು ಮನೆಗೆ ಮರಳಿದ. ಜಗುಲಿಯ ಮೇಲೆ ಕೂತುಬಿಟ್ಟ. ಇನ್ನೂ ಎಂಟು ತಿಂಗಳು ಕರು ಹುಡುಕುವ ದೃಶ್ಯ ಕಣ್ಣಮುಂದೆ ಬಂತು. ಗಂಗಣ್ಣ ಸಮಾಧಾನಕ್ಕೆಂದು ತಾವು ಒಮ್ಮೆ ಪ್ರಯಾಣಿಕರನ್ನೇ ಬಿಟ್ಟು ಬಸ್ಸು ಹೊಡೆದುಕೊಂಡು ಹೋದ ಕಥೆ ಹೇಳಿದರು. ಅದರಿಂದ ಸಮಾಧಾನವೇನೂ ಆಗಲಿಲ್ಲ.

ಐದು ಗಂಟೆಗೆ ತಿರುವಿನಾಚೆ ಇಂಜಿನ್ ಸದ್ದು ಕೇಳಿತು. ಬೆಣ್ಣೆ ಕಾಯಿಸಿದ ಹಾಗೆ ನಯವಾದ ಸದ್ದು. ಸುಧಾ ಬಂದು ಅಂಗಳದಲ್ಲಿ ಗಾಡಿ ನಿಲ್ಲಿಸಿದಳು. ಮೊಣಕೈವರೆಗೆ ಆಯಿಲ್ ಮಸಿ, ಮುಖದಲ್ಲಿ ಸಂಕೋಚವೋ ನಗುವೋ ತಿಳಿಯದಂಥದ್ದೇನೋ ಇತ್ತು.

“ಫಿಲ್ಟರ್ ಎಲ್ಲಿ ಸಿಕ್ತು ನಿನಗೆ?” ಅವನು ಮೊದಲು ಕೇಳಿದ್ದು ಅದನ್ನೇ.

“ನಮ್ಮೂರ ಅಂಗಡೀಲೇ ರೀ. ಊದುಬತ್ತಿ ಪಕ್ಕದಲ್ಲಿ ನೇತು ಹಾಕಿದ್ರು. ಗಾಡಿ ಹೆಸರು ಹೇಳ್ದೆ, ವರ್ಷ ಹೇಳ್ದೆ, ಕೊಟ್ರು. ನೀವು ವಿಡಿಯೊ ಅರ್ಧಕ್ಕೇ ನಿಲ್ಲಿಸಿದ್ರಿ. ತೂತಿರೋ ಕಡೆ ಯಾವ ಮಗ್ಗುಲಿಗೆ ಬರಬೇಕು ಅನ್ನೋದನ್ನೂ ಆ ಟೋಪಿಯವನೇ ಕೊನೇಲಿ ತೋರಿಸ್ತಾನೆ. ಹೋಗುವಾಗ ನಿಮ್ಮ ಬಸ್ಸು ಎದುರಿಗೇ ಸಿಕ್ತು. ಕೈ ಬೀಸ್ದೆ, ನೋಡಿ ಇಳಿದು ಹಿಂದಿನಿಂದ ಬರ್ತೀರ ಅಂದ್ಕೊಂಡು ಮುಂದೆ ಹೋದೆ. ನೀವು ಡಬ್ಬಿ ನೋಡ್ತಾ ಕೂತಿದ್ರಿ.”

“ಸಂದರ್ಶನ?”

ಸುಧಾ ಸೆರಗಿಗೆ ಕೈ ಒರೆಸಿಕೊಂಡಳು. “ಗಂಡ ಬರ್ತಾರೆ, ಸ್ವಲ್ಪ ಕಾಯಿರಿ ಅಂದೆ. ಅಲ್ಲಿ ಸಾಂತಪ್ಪ ಅಂತ ಮ್ಯಾನೇಜರು, ಒಳ್ಳೆಯವರು, ಕಾದ್ರು. ಸುಮ್ಮನೆ ಕೂತಿದ್ದಾಗ, ಕೈ ಯಾಕಮ್ಮ ಹೀಗೆ ಅಂತ ಕೇಳಿದ್ರು. ಹೇಳ್ದೆ. ಗಾಡಿ ನೀವೇ ಓಡಿಸ್ಕೊಂಡು ಬಂದ್ರಾ ಅಂದ್ರು. ಹೂಂ ಅಂದೆ. ಎಷ್ಟು ಓದಿದ್ದೀರಿ ಅಂದ್ರು. ಬಿಎ ಅಂದೆ. ತೋಟದ ನಡುವೆ ಗಾಡಿ ಕೆಟ್ರೆ ಫೋನ್ ಮಾಡ್ತಾ ಕೂರೋರು ನಮಗೆ ಬೇಡಮ್ಮ, ನೀವೇ ಸೋಮವಾರದಿಂದ ಬನ್ನಿ ಅಂದ್ಬಿಟ್ರು.”

ಸರ್ವಮಂಗಳಮ್ಮ ಸೊಸೆಗೆ ದೃಷ್ಟಿ ತೆಗೆಯಲು ಉಪ್ಪು ತರಲು ಒಳಗೆ ಹೋದರು. ಗಂಗಣ್ಣ, ತಾವೇ ಕಲಿಸಿದ್ದೆಂಬಂತೆ ತಲೆದೂಗಿದರು. ಕೀರ್ತಿಕುಮಾರ್, ಬೆಳಗಿನಿಂದ ತಾನು ಸುಮ್ಮನೆ ಕೂತಿರಲಿಲ್ಲ ಎಂದು ತೋರಿಸಲು ತನ್ನ ಡಬ್ಬಿ ಮುಂದೆ ಹಿಡಿದ. “ಇರ್ಲಿ, ಇದು ಮುಂದಿನ ಸರ್ತಿಗೆ ಆಗುತ್ತೆ.”

ಸುಧಾ ಡಬ್ಬಿಯ ಮೇಲಿದ್ದದ್ದನ್ನು ಓದಿದಳು. “ಇದು ಸ್ಕೂಟರಿಂದು ರೀ.”

ಕೀರ್ತಿಕುಮಾರ್ ಡಬ್ಬಿಯನ್ನು ಹಿಂದಕ್ಕೆ ತೆಗೆದುಕೊಂಡು ಜಗುಲಿಯ ಮೇಲೆ ಕೂತ. ಅವನ ಮುಖ ನೋಡಲಾರದೆ ಸುಧಾ ಹತ್ತಿರ ಬಂದು ಕೂತು ಮೆಲ್ಲಗೆ ಹೇಳಿದಳು: “ಬೇಜಾರು ಮಾಡ್ಕೋಬೇಡಿ. ಇನ್ನೊಂದು ಪೋಸ್ಟೂ ಖಾಲಿ ಇದೆಯಂತೆ. ನಿಮ್ಮ ಹೆಸರು ಹೇಳಿದ್ದೀನಿ. ಮುಂದಿನ ಶನಿವಾರ ಖಂಡಿತ ಕಳಿಸಮ್ಮ ಅಂದ್ರು.”

ಕೀರ್ತಿಕುಮಾರನ ಮುಖ ಅರಳಿತು. “ಹೌದಾ? ಏನೇನು ತರ್ಬೇಕಂತೆ?”

“ಮಾರ್ಕ್ಸ್‌ಕಾರ್ಡ್,” ಎಂದು ಸುಧಾ ಬೈಕಿನ ಕೀಲಿಯನ್ನು ತನ್ನ ಪರ್ಸಿಗೆ ಹಾಕಿಕೊಳ್ಳುತ್ತ ಹೇಳಿದಳು, “ಎರಡು ಫೋಟೊ, ಆಮೇಲೆ ಸ್ವಂತದ್ದೊಂದು ಬೈಕು.”