ಹಳೇ ಕೂಲಂಟಿನ ಪುನರಾಗಮನ

ನನ್ನ ಕಿವಿಯ ಬಗ್ಗೆ ಮೊದಲೇ ಸ್ವಲ್ಪ ಜಂಬ ಕೊಚ್ಚಿಕೊಂಡುಬಿಡುತ್ತೇನೆ. ಹಾಲು ಉಕ್ಕುವ ಮುಂಚೆ ಪಾತ್ರೆಯ ಅಂಚಿನಲ್ಲಿ ಸುಯ್ ಅಂತ ಒಂದು ಸಣ್ಣ ಸದ್ದು ಬರುತ್ತದೆ. ಪಕ್ಕದ ಕೋಣೆಯಲ್ಲಿದ್ದರೂ ನನಗೆ ಕೇಳುತ್ತದೆ. ಬೀದಿಯ ತಿರುವಿನಲ್ಲಿ ಬರುತ್ತಿರುವ ಸ್ಕೂಟರು ಮಗಳದ್ದೋ ಬೇರೆಯವರದ್ದೋ ಅಂತ ಕೂತಲ್ಲೇ ಹೇಳುತ್ತೇನೆ. ನಮ್ಮನೆಯವರಿಗೆ ಕಿವಿ ಮಂದ. ಹಾಗಾಗಿ ದೇವರು ಇಬ್ಬರ ಪಾಲಿನ ಕಿವಿಯನ್ನೂ ನನಗೇ ಕೊಟ್ಟಿದ್ದಾನೆ ಅಂತ ನಾನೇ ತೀರ್ಮಾನ ಮಾಡಿಕೊಂಡಿದ್ದೆ!

ಕಿವಿ ಬಿಟ್ಟರೆ ನನ್ನ ಇನ್ನೊಂದು ಹೆಗ್ಗಳಿಕೆ ಅಚ್ಚುಕಟ್ಟು. ನನ್ನ ಕಣ್ಣೆದುರು ಒಂದು ಚಮಚ ಕೂಡ ಅಡ್ಡಾದಿಡ್ಡಿ ಬಿದ್ದಿರುವ ಹಾಗಿಲ್ಲ. ಆ ಭಾನುವಾರ ಬೆಳಗ್ಗೆ ನಮ್ಮನೆಯವರು "ಕಾರಿನ ಕೂಲಂಟು ನಾನೇ ಬದಲಾಯಿಸ್ತೀನಿ" ಅಂದಾಗ, ನಾನೂ ಏಪ್ರನ್ ಬಿಗಿದು ಘೋಷಣೆ ಮಾಡಿದೆ.

"ಬದಲಾಯಿಸಿ. ಆದ್ರೆ ನೆಲಕ್ಕೆ ಒಂದು ತೊಟ್ಟು ಬೀಳಬಾರದು. ಆ ಜವಾಬ್ದಾರಿ ನಂದು!"

ಒಂದು ತೊಟ್ಟೂ ಬೀಳಲಿಲ್ಲ. ಎಡವಟ್ಟಾಗಿದ್ದೇ ಅದರಿಂದ.

ಇದೆಲ್ಲ ಶುರುವಾಗಿದ್ದು ಹಿಂದಿನ ವಾರ, ಸಿಗ್ನಲ್ಲಿನಲ್ಲಿ. ಕೆಂಪು ದೀಪ. ನಾವಿಬ್ಬರೂ ಕಾರಿನೊಳಗೆ. ಬಾನೆಟ್ಟಿನ ಕಡೆಯಿಂದ ಏನೋ ಕುದಿಯುವ ಸದ್ದು.

"ರೀ, ಮುಂದೆ ಏನೋ ಗೊಳಗೊಳ ಅಂತಿದೆ."

"ಏನು?"

"ಗೊಳಗೊಳ!"

"ನಿನ್ನ ಹೊಟ್ಟೆ ಇರ್ಬೇಕು. ಬೆಳಗ್ಗೆ ಸರಿಯಾಗಿ ತಿನ್ನಲಿಲ್ಲ ನೀನು."

ದೀಪ ಹಸಿರಾಗುವಷ್ಟರಲ್ಲಿ ನನ್ನ ಹೊಟ್ಟೆ ಬಾನೆಟ್ಟಿನ ಸಂದಿಯಿಂದ ಹೊಗೆ ಉಗುಳುತ್ತಿತ್ತು! ಹಿಂದಿನ ಗಾಡಿಗಳೆಲ್ಲ ಹಾರ್ನ್ ಬಾರಿಸಿ ಬಾರಿಸಿ ನಮಗೆ ಮರ್ಯಾದೆ ಸಲ್ಲಿಸಿದವು. ಕೊನೆಗೆ ಮಗಳೇ ಬಂದು ಮನೆ ಮುಟ್ಟಿಸಿದಳು.

ಮಗಳು ಬಸ್ ಓಡಿಸುತ್ತಾಳೆ. ಬಸ್ಸಿನ ಜನರೆಲ್ಲ ಅವಳ ಮಾತಿಗೆ ಹಿಂದೆ ಹಿಂದೆ ಸರಿದು ನಿಲ್ಲುತ್ತಾರೆ ಅಂದಮೇಲೆ ನಾವು ಇಬ್ಬರು ಯಾವ ಲೆಕ್ಕ?

"ನೋಡಪ್ಪ, ಕೂಲಂಟು ಕೆಟ್ಟಿರೋದೂ ಗೊತ್ತಾಗಲ್ಲ ಅಂದ್ರೆ ನಿನಗೆ ಕಾರು ಬೇಡ. ಭಾನುವಾರ ಬರ್ತೀನಿ. ಗಾಡಿ ಸರಿ ಇದ್ರೆ ಕೀ ನಿನ್ನ ಹತ್ರ. ಇಲ್ಲಾಂದ್ರೆ ನನ್ನ ಹತ್ರ."

ನಮ್ಮನೆಯವರು ಪೂರ್ತಿ ಕೇಳಿಸಿಕೊಂಡರೋ ಇಲ್ಲವೋ, ಕೀ ಅನ್ನುವ ಮಾತು ಮಾತ್ರ ಕೇಳಿಸಿತು. ಜೇಬಿನ ಮೇಲೆ ಕೈ ಇಟ್ಟುಕೊಂಡರು. ಒಳಗಿಂದ ಝಿಲ್ ಅಂತು. ಕೀಗೆ ನಾನೇ ಒಂದು ಗೆಜ್ಜೆ ಕಟ್ಟಿದ್ದೇನೆ. ಎಲ್ಲಿಟ್ಟರೂ ನನ್ನ ಕಿವಿಗೆ ಸಿಗಲಿ ಅಂತ.

ಆ ಕಾರು ಹೋದರೆ ಅವರಿಗೆ ಬೇಜಾರು ಅಂತ ಮಗಳು ತಿಳಿದಿದ್ದಾಳೆ. ನನ್ನ ಬೇಜಾರು ಅವಳಿಗೆ ಗೊತ್ತಿಲ್ಲ. ಮನೆಯಲ್ಲಿ ಅವರು ಟಿವಿ ಮುಂದೆ, ನಾನು ಒಲೆ ಮುಂದೆ. ನಾನು ಇಲ್ಲಿಂದ ಕೂಗಬೇಕು, ಅವರು ಅಲ್ಲಿಂದ "ಆಂ?" ಅನ್ನಬೇಕು. ಕಾರಿನಲ್ಲಿ ಮಾತ್ರ ಇಬ್ಬರೂ ಅಕ್ಕಪಕ್ಕ ಕೂತು ಒಂದೇ ಕಡೆ ನೋಡುತ್ತೇವೆ. ಅಲ್ಲಿ ಅವರಿಗೆ ನನ್ನ ಮಾತು ಕೇಳುತ್ತದೆ. ಕೇಳದಿದ್ದರೂ ತಲೆ ಆಡಿಸುತ್ತಾರೆ. ಈ ವಯಸ್ಸಿನಲ್ಲಿ ಅದೂ ದೊಡ್ಡದೇ. ಆ ಪಕ್ಕದ ಸೀಟು ಬಿಟ್ಟುಕೊಡಲು ನನಗೆ ಸುತರಾಂ ಇಷ್ಟವಿರಲಿಲ್ಲ.

ಭಾನುವಾರ ಬಂತು. ಇಂಜಿನ್ನು ರಾತ್ರಿಯೆಲ್ಲ ತಣ್ಣಗಾಗಿತ್ತು. ನಮ್ಮನೆಯವರು ಮುಚ್ಚಳ ತೆಗೆದು ಒಳಗೆ ಟಾರ್ಚು ಬಿಟ್ಟರು.

"ನೋಡೇ, ಎಳೇ ಎಲೆ ಬಣ್ಣ ಇರ್ಬೇಕು ಇದು. ತುಕ್ಕು ಹಿಡಿದ ಮೊಳೆ ನೆನೆಹಾಕಿದ ನೀರಿನ ಹಾಗಾಗಿದೆ. ಇಂಜಿನ್ನನ್ನ ತಣ್ಣಗಿಡೋದೇ ಇದರ ಕೆಲಸ. ಹಳೇದಾದ್ರೆ ಕೆಲಸಕ್ಕೆ ಬರಲ್ಲ."

"ನನ್ನ ನೋಡ್ಕೊಂಡು ಹೇಳ್ತಿದೀರಾ?"

"ಆಂ?"

"ಏನಿಲ್ಲ, ಮುಂದುವರಿಸಿ."

ಅವರು ಜೀವಮಾನವೆಲ್ಲ ಕೈಗಡಿಯಾರ ರಿಪೇರಿ ಮಾಡಿದವರು. ಅವರ ಕೆಲಸಕ್ಕೆ ಒಂದು ಕ್ರಮ ಇದೆ. ಬೇಕಾದ ಸಾಮಾನನ್ನೆಲ್ಲ ಒಂದು ಬಟ್ಟೆಯ ಮೇಲೆ ಎಡದಿಂದ ಬಲಕ್ಕೆ ಸಾಲಾಗಿ ಇಡುತ್ತಾರೆ. ಆಮೇಲೆ ಕಣ್ಣು ಗಡಿಯಾರ ಬಿಟ್ಟು ಏಳುವುದಿಲ್ಲ. ಕೈ ತಾನಾಗಿ ಹೋಗಿ ಸಾಲಿನ ಮುಂದಿನ ಸಾಮಾನು ಎತ್ತಿಕೊಳ್ಳುತ್ತದೆ. ಆ ದಿನವೂ ಹಾಗೇ ಬಟ್ಟೆ ಹಾಸಿದರು. ಸ್ಪ್ಯಾನರು, ಇಕ್ಕಳ, ಆಲಿಕೆ, ಕೊನೆಗೆ ಬಿಳೀ ಕ್ಯಾನು. ಅದರಲ್ಲಿ ಹೊಸ ಕೂಲಂಟಿಗೆ ಶುದ್ಧ ನೀರು ಬೆರೆಸಿ ಸಿದ್ಧ ಮಾಡಿದ್ದರು. ಕೂಲಂಟು ಬಂದಿದ್ದ ಇನ್ನೊಂದು ಬಿಳೀ ಕ್ಯಾನು, ಥೇಟ್ ಅದರ ಅವಳಿ, ಖಾಲಿಯಾಗಿ ಮೂಲೆಯಲ್ಲಿತ್ತು.

ರೇಡಿಯೇಟರಿನ ಕೆಳಗಿನ ತಿರುಪು ಬಿಚ್ಚಿದರು. ಹಳೇ ನೀರು ಟಬ್ಬಿಗೆ ಇಳಿಯಿತು.

"ಹುಷಾರು, ಇದು ವಿಷ. ರುಚಿ ಸಿಹಿಯಂತೆ. ಬೆಕ್ಕು ಗಿಕ್ಕು ನೆಕ್ಕಿದ್ರೆ ಸತ್ತೇ ಹೋಗುತ್ತೆ" ಅಂದವರೇ ಟಬ್ಬನ್ನು ಈಚೆ ಎಳೆದಿಟ್ಟು ಕಾರಿನ ಕೆಳಗೆ ತೂರಿದರು, ತಿರುಪು ಬಿಗಿಯಲು.

ತಲೆ ಎತ್ತಿ ನೋಡುತ್ತೇನೆ, ಕಾಂಪೌಂಡಿನ ಮೇಲೆ ಪಕ್ಕದ ಮನೆ ಬೆಕ್ಕು! ಟಬ್ಬನ್ನೇ ನೋಡುತ್ತಾ ನಾಲಿಗೆಯಿಂದ ಮೂತಿ ಒರೆಸಿಕೊಳ್ಳುತ್ತಿದೆ. ನನ್ನ ಅಚ್ಚುಕಟ್ಟು ಎದ್ದು ನಿಂತಿತು. ಖಾಲಿ ಕ್ಯಾನು ತಂದೆ, ಆಲಿಕೆ ಇಟ್ಟೆ, ಹಳೇ ನೀರನ್ನೆಲ್ಲ ಒಂದು ತೊಟ್ಟು ಚೆಲ್ಲದೆ ಅದರೊಳಗೆ ಸುರಿದೆ, ಮುಚ್ಚಳ ಬಿಗಿದೆ. ಟಬ್ಬು ತೊಳೆದಿಟ್ಟೆ. ಆಲಿಕೆ ಒರೆಸಿ ಅದರ ಜಾಗದಲ್ಲೇ ಇಟ್ಟೆ. ಹೊಸ ಕ್ಯಾನಿಗೆ ಬಿಸಿಲು ಬೀಳುತ್ತಿದೆ ಅಂತ ಅದನ್ನು ಮೆಟ್ಟಿಲ ನೆರಳಿಗೆ ಸರಿಸಿದೆ. ಸಾಲಿನಲ್ಲಿ ಹಲ್ಲು ಬಿದ್ದ ಹಾಗೆ ಜಾಗ ಖಾಲಿ ಕಂಡಿತು. ಖಾಲಿ ಜಾಗ ನನಗೆ ಆಗಿಬರುವುದಿಲ್ಲ. ಕೈಯಲ್ಲಿದ್ದ ಕ್ಯಾನನ್ನು ಅಲ್ಲೇ ಇಟ್ಟೆ!

ನಮ್ಮನೆಯವರು ಎದ್ದರು. ಕನ್ನಡಕಕ್ಕೆ ಬೆವರು ಹತ್ತಿತ್ತು, ಹಣೆಗೇರಿಸಿದರು. ಕಣ್ಣು ರೇಡಿಯೇಟರಿನ ಬಾಯಿ ಬಿಟ್ಟು ಕದಲಲಿಲ್ಲ. ಕೈ ಹೋಯಿತು, ಆಲಿಕೆ ತಂತು. ಮತ್ತೆ ಹೋಯಿತು, ಕ್ಯಾನು ತಂತು. ಗಳಗಳ ಅಂತ ಸುರಿದರು. ನಾನು ಪಕ್ಕದಲ್ಲೇ ನಿಂತು ಬೆಕ್ಕನ್ನು ಓಡಿಸುತ್ತಿದ್ದೆ.

"ಮುಗೀತು! ಇನ್ನು ಸ್ಟಾರ್ಟ್ ಮಾಡಿ, ಒಳಗಿರೋ ಗಾಳಿ ಹೊರಗೆ ಬಿಡೋದೊಂದೇ ಬಾಕಿ" ಅಂತ ಕೈ ತೊಳೆಯಲು ಹೋದರು. ಅವರ ನಡಿಗೆಯಲ್ಲಿ ಎಷ್ಟೋ ವರ್ಷದ ಹಿಂದಿನ ಠೀವಿ ಇತ್ತು.

ಅಷ್ಟರಲ್ಲಿ ತಿರುವಿನಲ್ಲಿ ಸ್ಕೂಟರಿನ ಸದ್ದು. ಮಗಳದ್ದೇ! ಕಾರಿನ ಮೇಲೆ ಅವರು ತೆಗೆದಿಟ್ಟಿದ್ದ ಕೀ ಹೊಳೆಯುತ್ತಿತ್ತು. ಬಂದವಳು ಮೊದಲು ಕೀ ಎತ್ತಿಕೊಂಡರೆ? ಸರಕ್ಕನೆ ಅದನ್ನು ಎತ್ತಿ ಭದ್ರ ಮಾಡಿದೆ.

ಮಗಳು ಬರುವುದಕ್ಕೂ ನಮ್ಮನೆಯವರು ಕೈ ಒರೆಸಿಕೊಂಡು "ಹೊಸದು ಹಾಕಿದೆ ಕಣೆ" ಅಂತ ಬರುವುದಕ್ಕೂ ಸರಿಹೋಯಿತು. ಅವಳು ಬಾನೆಟ್ಟಿನೊಳಗೆ ಬಗ್ಗಿದಳು. ತುಂಬ ಹೊತ್ತು ಬಗ್ಗಿಯೇ ಇದ್ದಳು.

"ಅಪ್ಪ, ಹೊಸದು ಹಾಕಿದೆ ಅಂದ್ಯಲ್ಲ?"

"ಹಾಕಿದೀನಿ!"

"ಬಾ ನೋಡು."

ನೋಡಿದರು. ಕನ್ನಡಕ ಇಳಿಸಿ, ಒರೆಸಿ, ಮತ್ತೆ ನೋಡಿದರು. ತುಕ್ಕು ಹಿಡಿದ ಮೊಳೆಯ ನೀರು! ತಮ್ಮ ಎರಡೂ ಅಂಗೈಯನ್ನು ಮುಂದೆ ಹಿಡಿದು, ಇವು ಯಾರ ಕೈ ಅನ್ನುವ ಹಾಗೆ ನೋಡಿಕೊಂಡರು. "ಹಾಕಿದ ಹಾಗೆ ನೆನಪು" ಅಂದರು, ಸಣ್ಣ ದನಿಯಲ್ಲಿ.

ಮಗಳ ಮುಖ ಮೆತ್ತಗಾಯಿತು. ಅದು ಬೈಗುಳಕ್ಕಿಂತ ಕೆಟ್ಟದ್ದು. "ಹೋಗ್ಲಿ ಬಿಡಪ್ಪ, ವಯಸ್ಸಾದ್ಮೇಲೆ ಹೀಗೇ. ಕೀ ಕೊಡು."

ಮೆಟ್ಟಿಲ ನೆರಳಿನಲ್ಲಿ ಆ ಇನ್ನೊಂದು ಕ್ಯಾನು ಏನೂ ತಿಳಿಯದವರ ಹಾಗೆ ತಣ್ಣಗೆ ಕೂತಿತ್ತು. ನನಗೆ ಆಗ ಹೊಳೆಯಿತು. ಸುಮ್ಮನಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಆದರೆ ಆ ಕೈಗಳನ್ನು ನೋಡಿಕೊಂಡು ಹೇಗೆ ಸುಮ್ಮನಿರಲಿ?

"ನಿಮ್ಮಪ್ಪ ಏನೂ ಮರೆತಿಲ್ಲ ಕಣೆ. ಕ್ಯಾನು ಬದಲಾಯಿಸಿಟ್ಟಿದ್ದು ನಾನು. ಅವರು ಇಟ್ಟಿದ್ದ ಜಾಗಕ್ಕೇ ಕೈ ಹಾಕಿದ್ದಾರೆ."

ಬೆಕ್ಕಿನಿಂದ ಹಿಡಿದು ಎಲ್ಲ ಹೇಳಿದೆ. ಮಗಳು ಒಮ್ಮೆ ಕ್ಯಾನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ಆಮೇಲೆ ಕಾರಿಗೆ ಒರಗಿಕೊಂಡು ನಕ್ಕಳು ನೋಡಿ! ಅಪ್ಪನಿಗೆ ಕೇಳಿಸಲಿ ಅಂತ ಜೋರಾಗಿ ತೀರ್ಪು ಕೊಟ್ಟಳು.

"ಕೆಳಗಿನ ತಿರುಪು ಸರಿಯಾಗಿದೆ, ಒಂದು ತೊಟ್ಟು ಸೋರ್ತಿಲ್ಲ. ಹೊಸದನ್ನ ಹದವಾಗಿ ಬೆರೆಸಿದೀಯ. ಕೀ ನಿನ್ನ ಹತ್ರಾನೇ ಇರ್ಲಿ ಅಪ್ಪ. ಆದ್ರೆ ನೀನು ಬಾನೆಟ್ ಎತ್ತಿದಾಗೆಲ್ಲ ಅಮ್ಮ ಸೀಟಲ್ಲಿ ಕೂತಿರ್ಬೇಕು. ಬೆಲ್ಟ್ ಹಾಕ್ಕೊಂಡು!"

ನಾನು ಬೆಲ್ಟ್ ಹಾಕಿಕೊಂಡು ಕೂತೆ. ಅಪ್ಪ ಮಗಳು ಹಳೇದನ್ನು ಮತ್ತೆ ಇಳಿಸಿದರು, ಶುದ್ಧ ನೀರಿನಲ್ಲಿ ತೊಳೆದರು, ಹೊಸದನ್ನು ಸುರಿದರು. ಎಳೇ ಎಲೆ ಬಣ್ಣ ಕಿಟಕಿಯಿಂದ ತಲೆ ಹೊರಗೆ ಹಾಕಿದ್ದ ನನಗೂ ಕಂಡಿತು.

"ಸ್ಟಾರ್ಟ್ ಮಾಡಪ್ಪ. ಕೀ?"

ಅವರು ಈ ಜೇಬು ಮುಟ್ಟಿದರು, ಆ ಜೇಬು ಮುಟ್ಟಿದರು. ಮುಖದ ಬಣ್ಣ ಮತ್ತೆ ಇಳಿಯಿತು.

"ಅದೂ ನನ್ನ ಹತ್ರಾನೇ" ಅಂದೆ ನಾನು ಒಳಗಿಂದ. "ಭದ್ರವಾಗಿಟ್ಟಿದೀನಿ."

"ಎಲ್ಲಿ?"

ಎಲ್ಲಿ! ಬೆಲ್ಟ್ ಬಿಚ್ಚಿ ಓಡಿದೆ. ಕಪಾಟು ಹುಡುಕಿದೆ. ಹೂವಿನ ಕುಂಡದ ಹಿಂದೆ, ತೊಳೆದಿಟ್ಟ ಟಬ್ಬಿನ ಕೆಳಗೆ ಹುಡುಕಿದೆ. ಮಗಳು ನನ್ನ ಹಿಂದೆ, ನಾನು ಕೀಯ ಹಿಂದೆ.

"ಅಮ್ಮ, ಗೆಜ್ಜೆ ಕಟ್ಟಿದೀಯಲ್ಲ, ಕಿವಿಗೊಟ್ಟು ಕೇಳು!"

"ಸದ್ದು ಮಾಡ್ಬೇಡ ಮತ್ತೆ!" ಅಂದು ಉಸಿರು ಹಿಡಿದು ನಿಂತೆ. ಬೀದಿಯ ತುದಿಯಲ್ಲಿ ಯಾರೋ ಗೇಟು ಹಾಕಿದ್ದು ಕೇಳಿಸಿತು. ಬೆಕ್ಕು ಗೋಡೆಯಿಂದ ಧುಮುಕಿದ್ದು ಕೇಳಿಸಿತು. ಗೆಜ್ಜೆ ಇಲ್ಲ. ಸೋತು ಕಾರಿನ ಹತ್ತಿರ ವಾಪಸು ಬಂದೆ.

ನಮ್ಮನೆಯವರು ನನ್ನ ನಡಿಗೆಯನ್ನೇ ನೋಡುತ್ತಿದ್ದರು. ತಲೆ ಒಂದು ಕಡೆ ವಾಲಿಸಿ ಕೇಳಿದರು:

"ಅಲ್ವೇ, ನೀನು ನಡೆದಾಗೆಲ್ಲ ಝಿಲ್ ಝಿಲ್ ಅಂತಿದೆಯಲ್ಲ, ಏನದು?"

ಏಪ್ರನ್ನಿನ ಜೇಬಿಗೆ ಕೈ ಹಾಕಿದೆ. ಒರೆಸುವ ಬಟ್ಟೆ, ಅದರ ಕೆಳಗೆ ಕೀ.

ನಮ್ಮನೆಯವರು ಕೀ ತಿರುಗಿಸಿದರು, ಇಂಜಿನ್ನು ಒಂದೇ ಸಲಕ್ಕೆ ಹತ್ತಿತು. ಅವರು ಇಳಿದು ಮುಂದೆ ಹೋಗಿ ನಿಂತರು. ನಾನು ಸೀಟಿನಲ್ಲಿ ಕೂತು, ಹೋದ ಮಾನವನ್ನು ಸ್ವಲ್ಪವಾದರೂ ಗಳಿಸಿಕೊಳ್ಳೋಣ ಅಂತ, "ರೀ, ಈಗ ಸದ್ದು ಚೆನ್ನಾಗಿದೆ. ಗೊಳಗೊಳ ಅಂತಿಲ್ಲ..." ಅಂತ ಶುರು ಮಾಡಿದೆ.

ಅವರು ಬಾನೆಟ್ಟಿನ ಮೇಲೆ ಕೈ ಇಟ್ಟು, ಕಣ್ಣು ಮುಚ್ಚಿ, ಇನ್ನೊಂದು ಕೈ ನನ್ನ ಕಡೆ ಎತ್ತಿದರು.

"ಸ್ವಲ್ಪ ಸುಮ್ನಿರೇ. ನಾನು ಕೇಳಿಸ್ಕೊಳ್ತಿದೀನಿ."