ಉತ್ತರದ ಕೆಳಗೊಂದು ಸಹಿ

ನನಗೆ ಟೆನ್ಷನ್ನೇ ಇಲ್ಲ ಎಂದು ಹೇಳಿಕೊಂಡು ತಿರುಗುವ ಚಟ ನನಗೆ ಮೊದಲಿನಿಂದಲೂ ಇದೆ. ಹರಿಹರದ ಸರ್ಕಾರಿ ಕಚೇರಿಯೊಂದರಲ್ಲಿ ಇಪ್ಪತ್ತಮೂರು ವರ್ಷ ಗುಮಾಸ್ತಗಿರಿ ಮಾಡಿ, ನಲವತ್ತೇಳನೆಯ ವಯಸ್ಸಿನಲ್ಲಿ ದೂರಶಿಕ್ಷಣದ ಆಪ್ತಸಮಾಲೋಚನೆ ಡಿಪ್ಲೊಮಾಕ್ಕೆ ಸೇರಿದ ಮೇಲಂತೂ ಅದು ವಿಪರೀತಕ್ಕೆ ಹೋಯಿತು. ದಾವಣಗೆರೆಯ ಕೆ.ಬಿ. ಬಡಾವಣೆಯ ಮನೆಯಿಂದ ಹೊರಟು, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು, ಬಾತಿ ದಾಟುವಷ್ಟರಲ್ಲಿ 'ಒತ್ತಡ ನಿರ್ವಹಣೆ' ಪುಸ್ತಕದ ಎರಡು ಪುಟ ಓದುತ್ತಿದ್ದೆ. ಯಾರಾದರೂ ಮೈಮೇಲೆ ಬಿದ್ದರೆ ಅದೇ ಪುಸ್ತಕದಿಂದ ತಿವಿಯುತ್ತಿದ್ದೆ. ಕಚೇರಿಯವರಿಗೆಲ್ಲ ದೀರ್ಘ ಉಸಿರಾಟ ಹೇಳಿಕೊಟ್ಟು ಮನೆಗೆ ಬಂದರೆ, ಕುಕ್ಕರ್ ಕೂಗಿದರೂ ರೇಗುತ್ತಿದ್ದೆ.

ಈ ಒತ್ತಡದ ಪೇಪರಿನಲ್ಲೇ ಎರಡು ಸಲ ಡುಮ್ಕಿ ಹೊಡೆದಿದ್ದೆ. ಮೂರನೆಯದು ಕೊನೆಯ ಅವಕಾಶ. ಅದೂ ಹೋದರೆ ಮೂರು ವರ್ಷದ ಓದು ನೀರುಪಾಲು. ಊರಿಗೆಲ್ಲ ಕೊಚ್ಚಿಕೊಂಡಿದ್ದ ನನ್ನ ಮಾನವೂ ಜೊತೆಗೇ. ಹಾಗಾಗಿ ಜೀವ ಬಿಟ್ಟು ಬರೆದೆ. ಆಫೀಸಿನ ಚಿಂತೆಯನ್ನು ಆಫೀಸಿನಲ್ಲೇ ಬಿಟ್ಟು ಬರಬೇಕೆಂಬ ವಿಚಾರವೊಂದನ್ನೇ ಎರಡು ಪುಟ ಎಳೆದು, ಗೆದ್ದೆನೆಂದು ಮನೆಗೆ ಬಂದು ಮಂಡಕ್ಕಿ ಮಿರ್ಚಿ ತಿಂದೆ.

ತಿಂಗಳ ಮೇಲೆ ವಿಶ್ವವಿದ್ಯಾಲಯದಿಂದ ಪತ್ರ ಬಂತು: ಫಲಿತಾಂಶ ತಡೆಹಿಡಿದಿದೆ, ವಿಚಾರಣೆಗೆ ಬನ್ನಿ. ಹೋದೆ. ವಿಚಾರಣೆಗೆ ಕೂತಿದ್ದ ಮೇಡಂ ನನಗಿಂತ ಹದಿನೈದು ವರ್ಷವಾದರೂ ಚಿಕ್ಕವರು. ಉತ್ತರಪತ್ರಿಕೆ ಬಿಚ್ಚಿ ನನ್ನ ಕಡೆ ತಿರುಗಿಸಿದರು. ಅಯ್ಯೋ ನನ್ನ ಕರ್ಮವೇ! ಪ್ರತಿ ಉತ್ತರದ ಕೆಳಗೂ 'ಸೂಕ್ತ ಆದೇಶಕ್ಕಾಗಿ ಮಂಡಿಸಿದೆ' ಎಂದು ಬರೆದು, ತಾರೀಕು ಹಾಕಿ, ಸಹಿ ಜಡಿದಿದ್ದೇನೆ. ಕಡತಗಳಿಗೆ ಟಿಪ್ಪಣಿ ಬರೆದೂ ಬರೆದೂ ಕೈಗೆ ಅದೇ ರೂಢಿ. ಪರೀಕ್ಷೆಯಲ್ಲಿ ಹಾಗೆ ಬರೆದವರ ಗುರುತು ಬಿಟ್ಟರೆ ನಕಲು ಹೊಡೆದಷ್ಟೇ ತಪ್ಪಂತೆ.

"ಆಫೀಸಿನ ಚಿಂತೆ ಆಫೀಸಿನಾಗೇ ಬಿಡ್ಬೇಕು ಅಂತ ನೀವೇ ಬರ್ದೀರಿ. ಅದರ ಕೆಳಗೇ ಸಹಿ ಐತಲ್ರಿ ಸರ್, ಹೆಂಗೆ ನಂಬೋಣ?" ಎಂದರು.

ನಾನು ಬೆವೆತು ತೊಪ್ಪೆಯಾದೆ. ಊರಿಗೆಲ್ಲ ಕಲಿಸಿದ ಉಸಿರಾಟ ನನಗೇ ನೆನಪಾಗಲಿಲ್ಲ. ಕೊನೆಗೆ ಆಕೆಗೇ ಕನಿಕರ ಬಂದು, ಕೆಲಸ ಮತ್ತು ಓದು ಸೇರಿ ತಲೆ ಕೆಟ್ಟಿತ್ತೆಂದು ಬರೆದುಕೊಟ್ಟರೆ ಈ ಸಲ ಮನ್ನಿಸಿ ಅಂಕ ಕೊಡುತ್ತೇವೆ ಎಂದರು. ನಾಚಿಕೆ ಬಿಟ್ಟು, ಒತ್ತಡ ತಡೆಯುವುದು ನನ್ನಿಂದಾಗುತ್ತಿಲ್ಲ ಎಂದು ನನ್ನ ಕೈಯಾರೆ ಬರೆದುಕೊಟ್ಟೆ. ಒತ್ತಡ ನಿರ್ವಹಣೆಯಲ್ಲಿ ನಾನು ಪಾಸಾದದ್ದು ಹೀಗೆ.

ಈಗ ಸರ್ಟಿಫಿಕೇಟಿಗೆ ಫ್ರೇಮು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದೇನೆ. ಅಕ್ಕಪಕ್ಕದವರು ಸಲಹೆ ಕೇಳಲು ಬರುತ್ತಾರೆ. ನನ್ನ ಹೆಂಡತಿ ಗಿರಿಜಾ, ಬಂದವರನ್ನು ಬಾಗಿಲಲ್ಲೇ ತಡೆದು, ದನಿ ತಗ್ಗಿಸಿ ಹೇಳುತ್ತಾಳೆ: "ಬರ್ರಿ, ಕೂಡ್ರಿ. ಅವರಿಗೆ ಸಿಟ್ಟು ಬರೋದ್ರೊಳಗ ಕೇಳ್ಕೊಂಡು ಹೋಗ್ಬಿಡ್ರಿ."