ಅಂಬಾಸಿಡರಿನ ಎಣ್ಣೆ, ದೋಸೆಯ ಹಂಚು

"ಮೆಕ್ಯಾನಿಕ್ಕು ಈ ಗೇಟಿನೊಳಗೆ ಕಾಲಿಟ್ಟರೆ ನನ್ನ ಬಿಎಸ್ಸಿಗೇ ಅವಮಾನ" ಎಂದು ಘೋಷಿಸಿ, ಹೊನ್ನಾಳಿಯ ನಿವೃತ್ತ ವಿಜ್ಞಾನದ ಮೇಷ್ಟ್ರು ವಿರೂಪಾಕ್ಷಪ್ಪನವರು ಪಂಚೆ ಎತ್ತಿಕಟ್ಟಿದರು.

ಅಂಗಳದಲ್ಲಿ ಮಾವನವರ ಹಳೇ ಅಂಬಾಸಿಡರ್ ನಿಂತಿತ್ತು. ಮಾವ ತೀರಿಕೊಂಡ ಮೇಲೆ ನ್ಯಾಮತಿಯ ಶೆಡ್ಡಿನಲ್ಲಿ ಧೂಳು ತಿನ್ನುತ್ತಿದ್ದ ಗಾಡಿಯನ್ನು ಬೆಳಿಗ್ಗೆಯಷ್ಟೇ ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿ ತಂದಿದ್ದರು. ಭಾನುವಾರದೊಳಗೆ ಸ್ಟಾರ್ಟ್ ಆಗದಿದ್ದರೆ ಗುಜರಿಗೆ ಎಂದು ಭಾಮೈದ ವಿನಯ್ ಕುಮಾರ್ ಹೇಳಿದ್ದ. ಅಪ್ಪನ ಗಾಡಿ ಗುಜರಿಗೆ ಹೋದರೆ ತವರಿನ ಹೊಸ್ತಿಲನ್ನೇ ತುಳಿಯುವುದಿಲ್ಲ ಎಂದು ಹೆಂಡತಿ ಸರ್ವಮಂಗಳಮ್ಮ ಹೇಳಿದ್ದರು. ಅಕ್ಕ ತಮ್ಮ ಇಬ್ಬರೂ ಹೇಳಿದಂತೆ ಮಾಡುವವರೇ.

ಮೇಷ್ಟ್ರು ಹ್ಯಾಂಡಲ್ ಹಾಕಿ ತಿರುಗಿಸಿದರು. ರಟ್ಟೆ ಸೋತವು, ಎಂಜಿನ್ ಕೆಮ್ಮಲೂ ಇಲ್ಲ. ಎಣ್ಣೆ ನೋಡುವ ಕಡ್ಡಿ ಎಳೆದರೆ, ಕಪ್ಪಗಿರಬೇಕಾದ ಎಣ್ಣೆ ಹಾಲು ಹೆಚ್ಚಾದ ಕಾಫಿಯಂತಿತ್ತು. ಮಟ್ಟವೂ ಗುರುತಿಗಿಂತ ಮೇಲೆ.

ನೀರು ಬೆರೆತಿದೆ. ಆದರೆ ಪ್ರಯೋಗವಿಲ್ಲದೆ ಅನುಮಾನವನ್ನು ಸತ್ಯ ಎನ್ನುವ ಜಾಯಮಾನ ಅವರದಲ್ಲ. ನೀರಿದ್ದರೆ ಕಾದ ಕಬ್ಬಿಣದ ಮೇಲೆ ಎಣ್ಣೆ ಸಿಡಿಯಬೇಕು. ಮನೆಯಲ್ಲಿ ಕಾಯಿಸಬಹುದಾದ ಕಬ್ಬಿಣ ಒಂದೇ ಇತ್ತು.

ಸರ್ವಮಂಗಳಮ್ಮ ಹಿತ್ತಲಿಂದ ಓಡಿಬರುವಷ್ಟರಲ್ಲಿ ದೋಸೆ ಹಂಚು ಚಟಪಟ ಎನ್ನುತ್ತಿತ್ತು. ಗೋಡೆಯ ತುಂಬ ಚುಕ್ಕಿ, ಅಡುಗೆಮನೆಯ ತುಂಬ ಲಾರಿ ಸ್ಟ್ಯಾಂಡಿನ ವಾಸನೆ.

"ಏನ್ರಿ ಇದು?"

"ಪುರಾವೆ."

"ನಮ್ಮವ್ವ ಕೊಟ್ಟ ಹಂಚು. ಇನ್ನು ಅದ್ರ ಮೇಲೆ ದೋಸೆ ಹೆಂಗೆ ಹುಯ್ಯಲಿ?"

"ತೊಳದ್ರೆ ಆತು."

"ಹಂಗಾದ್ರೆ ಮೊದಲನೇ ದೋಸೆ ನಿಮಗೆ. ಎದುರಿಗೆ ನಿಂತು ತಿನ್ನಿಸ್ತೀನಿ."

ಬೈಗುಳ ಬೆನ್ನಿಗೆ ಬೀಳುತ್ತಿದ್ದರೂ ಮೇಷ್ಟ್ರು ಹೋಗಿ ರೇಡಿಯೇಟರ್ ನೋಡಿದರು. ಕಂಠದವರೆಗೂ ನೀರಿತ್ತು. ಅಂದರೆ ಅಲ್ಲಿಂದ ಎಂಜಿನ್ನಿನೊಳಗೆ ಸೋರಿದ್ದಲ್ಲ, ಯಾರೋ ಹೊರಗಿಂದ ಹುಯ್ದಿದ್ದು. ಗಾಡಿ ಓಡಬಾರದೆಂದು ಬಯಸುವವನು ಯಾರು? ಸಮೀಕರಣ ಸರಿಹೋಯಿತು, ರಕ್ತ ಕುದಿಯಿತು. ಅಡುಗೆಮನೆ ಬಾಗಿಲಲ್ಲೇ ನಿಂತು ಫೋನ್ ಹಚ್ಚಿದರು.

"ಲೇ ವಿನಯ್, ಎಂಜಿನ್ನಿಗೆ ನೀರು ಹುಯ್ದು ಗುಜರಿಗೆ ಹಾಕಾಕೆ ನೋಡ್ತೀಯೇನೋ?"

"ಭಾವ, ನಾನು ಬಾನೆಟ್ಟೇ ಎತ್ತಿಲ್ಲ."

"ಸುಳ್ಳು ಬೊಗಳಬೇಡ. ಹಂಚು ಹೇಳೈತೆ."

"ಯಾವ ಹಂಚು?"

"ದೋಸೆ ಹಂಚು."

"ಭಾವ, ಫೋನ್ ಅಕ್ಕನ ಕೈಗೆ ಕೊಡ್ರಿ. ನಿಮ್ಮ ಬಿಪಿ ಮಾತ್ರೆ ಮುಗಿದಾವೇನೋ ಕೇಳ್ತೀನಿ."

"ಮನೆಹಾಳ. ಹೆತ್ತಪ್ಪನ ಗಾಡಿಗೆ ವಿಷ ಹಾಕಿದ ದ್ರೋಹಿ. ಇನ್ನು ನನ್ನ ಮುಖ ನೋಡಬೇಡ."

ಹಂಚು ತಿಕ್ಕುತ್ತಿದ್ದ ಸರ್ವಮಂಗಳಮ್ಮನ ಕೈ ನಿಂತಿತು. "ರೀ, ಅವನನ್ನ ಬೈಬೇಡ್ರಿ. ಎಷ್ಟು ನೀರು ಐತೆ ಅದ್ರಾಗೆ?"

"ತಂಬಿಗೆಯಷ್ಟಾದ್ರೂ ಐತೆ."

"ಅದು ನೀರಲ್ಲ. ತೀರ್ಥ."

ಮೇಷ್ಟ್ರು ಫೋನ್ ಹಿಡಿದಂತೆಯೇ ಹೆಂಡತಿಯತ್ತ ತಿರುಗಿದರು.

"ಅಪ್ಪ ತೀರ್ಕೊಂಡ ಮೇಲೆ ಆಯುಧಪೂಜೆಗೆ ತವರಿಗೆ ಹೋದಾಗೆಲ್ಲ ನಾನೇ ಒಂದಿಷ್ಟು ಹಾಕ್ತಿದ್ದೆ. ಎಲ್ಲಾರೂ ಟಯರಿನ ಕೆಳಗೆ ನಿಂಬೆಹಣ್ಣು ಇಟ್ಟು ಹೋಗೋರು. ಅಪ್ಪನ ಗಾಡಿ ಬಾಯಿ ಒಣಗಿಸ್ಕೊಂಡು ನಿಂತಿರೋದು. ಬಾನೆಟ್ ಎತ್ತಿದ್ರೆ ಎಂಜಿನ್ ಮೇಲೊಂದು ಮುಚ್ಚಳ ಇತ್ತು, ಅದೇ ಬಾಯಿ ಅಂದ್ಕೊಂಡೆ." ಅವರ ದನಿ ಸಣ್ಣದಾಯಿತು.

ಮೇಷ್ಟ್ರ ಹತ್ತಿರ ಸಿಟ್ಟು ಇನ್ನೂ ಬೇಕಾದಷ್ಟಿತ್ತು, ಹಾಕಲು ಜಾಗವಿರಲಿಲ್ಲ. ಫೋನಿನಲ್ಲಿ ವಿನಯ್ ಉಸಿರು ಕಟ್ಟುವಂತೆ ನಗುತ್ತಿದ್ದ.

"ತಪ್ಪಾತು ಮಾರಾಯ" ಎಂದರು ಮೇಷ್ಟ್ರು, ಆದಷ್ಟು ಮೆಲ್ಲಗೆ.

ಹಳೇ ಎಣ್ಣೆ ಇಳಿಸಿ, ಹೊಸದರಲ್ಲಿ ತೊಳೆದು, ಅದನ್ನೂ ಚೆಲ್ಲಿ ಮತ್ತೆ ತುಂಬಿಸಿ, ಬ್ಯಾಟರಿ, ಪ್ಲಗ್ಗು ಬದಲಿಸಿದರು. ಭಾನುವಾರ ವಿನಯನ ಎದುರಿಗೇ ಅಂಬಾಸಿಡರ್ ಬೀದಿ ತುಂಬ ನೀಲಿ ಹೊಗೆ ಬಿಟ್ಟು ಗುಡುಗಿತು. ಸರ್ವಮಂಗಳಮ್ಮ ಬಾನೆಟ್ ಸವರಿದರು.

"ಗಾಡಿ ನಿಂದೇ ಅಕ್ಕ, ಇಟ್ಕೋ" ಎಂದ ವಿನಯ್. "ಆದ್ರೆ ಇನ್ಮುಂದೆ ತೀರ್ಥ ಇದಕ್ಕೆ ಬೇಡ, ಭಾವನಿಗೆ ಕೊಡು. ಬೇಗ ಕಾಯೋ ಎಂಜಿನ್ನು ಅದು."

ಆಕ್ಷೇಪಿಸಲೆಂದು ವಿರೂಪಾಕ್ಷಪ್ಪನವರು ಬಾಯಿ ತೆರೆದರು. ಆಗಷ್ಟೇ ಪೂಜೆ ಮುಗಿಸಿ ಬಂದಿದ್ದ ಸರ್ವಮಂಗಳಮ್ಮ ತೀರ್ಥದ ಚಮಚ ಮುಂದೆ ಹಿಡಿದೇ ನಿಂತಿದ್ದರು.